ಕೆಪ್ಲರನ ತಾಯಿಯ ಮೇಲೆ ಮಾಟದ ಮೊಕದ್ದಮೆ

ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸಂಸ್ಥಾನಕ್ಕೆ ಸೇರಿದ ಗ್ಯೂಗ್ಲಿಂಗನ್ ಎಂಬ ಸಣ್ಣ ಪಟ್ಟಣದಲ್ಲಿ 1621ರಲ್ಲಿ ಮಾಟದ ಮೊಕದ್ದಮೆಯೊಂದು ನಡೆಯುತ್ತಿತ್ತು. ಆರೋಪಿ ಎಪ್ಪತ್ತು ದಾಟಿದ ಮುದುಕಿ. ಕಲಾಪ ಬರೆದುಕೊಳ್ಳುತ್ತಿದ್ದ ಗುಮಾಸ್ತ, ಕೈದಿ ಹಾಜರಾಗಿದ್ದಾಳೆ, ದುರದೃಷ್ಟಕ್ಕೆ ಅವಳ ನೆರವಿಗೆ ಗಣಿತಜ್ಞನಾದ ಮಗನೂ ಬಂದಿದ್ದಾನೆ ಎಂದು ದಾಖಲಿಸಿದ. ನ್ಯಾಯಾಲಯದ ಕಡತದಲ್ಲಿ ಇರಬಾರದ ಆ ಬೇಸರದ ಮಾತು ಹಾಗೆಯೇ ಉಳಿದುಬಂದಿದೆ. ಮಾಟಗಾತಿಯೆಂಬ ಹೆಸರು ಹೊತ್ತವಳ ಪರವಾಗಿ ಓದು ಬರಹ ಬಲ್ಲವನೊಬ್ಬ ನಿಂತದ್ದು ಆ ಅಧಿಕಾರಿಗಳಿಗೆ ಎಷ್ಟು ತೊಡಕಾಗಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಆ ಮಗ ಯೋಹಾನೆಸ್ ಕೆಪ್ಲರ್. ಗ್ರಹಗಳು ಸೂರ್ಯನ ಸುತ್ತ ದೀರ್ಘವೃತ್ತದಲ್ಲಿ ಚಲಿಸುತ್ತವೆ ಎಂದು ತೋರಿಸಿಕೊಟ್ಟವನು, ಚಕ್ರವರ್ತಿಯ ಆಸ್ಥಾನ ಗಣಿತಜ್ಞ. ಕೈದಿ ಅವನ ತಾಯಿ ಕಾಥರಿನಾ.

ಎಲ್ಟಿಂಗನ್ ಎಂಬ ಹಳ್ಳಿಯಲ್ಲಿ ಛತ್ರ ನಡೆಸುತ್ತಿದ್ದ, ಊರಿನ ಮುಖ್ಯಸ್ಥನೂ ಆಗಿದ್ದ ಗುಲ್ಡನ್‌ಮಾನ್ ಎಂಬುವನ ಮಗಳು ಆಕೆ. ಗಂಡ ಹೈನ್ರಿಷ್ ಕೂಲಿ ಸೈನಿಕ. ಯಾವ ರಾಜ ಸಂಬಳ ಕೊಟ್ಟರೆ ಅವನ ಯುದ್ಧಕ್ಕೆ ಹೋಗುತ್ತಿದ್ದ. ಕೊನೆಗೊಮ್ಮೆ ಹೋದವನು ಬರಲೇ ಇಲ್ಲ. ಅಕ್ಷರ ಕಲಿಯದ ಕಾಥರಿನಾ ಹೊಲ ನೋಡಿಕೊಂಡು, ಸಾಲ ವಸೂಲಿ ಮಾಡಿಕೊಂಡು, ಬೇರು ಸೊಪ್ಪಿನ ಮದ್ದು ಅರೆದು ಮಕ್ಕಳನ್ನು ಸಾಕಿದಳು. 1577ರಲ್ಲಿ ದೊಡ್ಡ ಧೂಮಕೇತು ಕಾಣಿಸಿಕೊಂಡಾಗ ಅದನ್ನು ತೋರಿಸಲು ಐದಾರು ವರ್ಷದ ಮಗನನ್ನು ಎತ್ತರದ ಜಾಗಕ್ಕೆ ಕರೆದುಕೊಂಡು ಹೋದವಳೂ ಅವಳೇ. ಆದರೂ ಮಗ ಅವಳ ಬಗ್ಗೆ ಸಿಹಿಯಾಗಿ ಬರೆದವನಲ್ಲ. ಮನೆಯವರ ಜಾತಕಗಳನ್ನು ಬರೆದಿಟ್ಟ ಟಿಪ್ಪಣಿಯಲ್ಲಿ ತಾಯಿಯನ್ನು ಸಣ್ಣ ಮೈಕಟ್ಟಿನ, ತೆಳ್ಳಗಿನ, ಕಪ್ಪು ಛಾಯೆಯ, ಹರಟೆಮಲ್ಲಿ ಜಗಳಗಂಟಿ ಹೆಂಗಸು ಎಂದು ಚಿತ್ರಿಸಿದ್ದಾನೆ. ಅವಳನ್ನು ಸಾಕಿದ ಸೋದರತ್ತೆಯೋ ಚಿಕ್ಕಮ್ಮನೋ ಆದ ಬಂಧುವೊಬ್ಬಳನ್ನು ಮಾಟಗಾತಿಯೆಂದು ಸುಟ್ಟಿದ್ದರು ಎಂಬ ಮಾತೂ ಊರಲ್ಲಿತ್ತು. ಮುಂದೆ ಅದೂ ಅವಳ ವಿರುದ್ಧದ ಪುರಾವೆಯಾಯಿತು.

ಆ ಕಾಲದ ಯೂರೋಪಿನಲ್ಲಿ ಮಾಟವೆಂದರೆ ಅಕ್ಕಪಕ್ಕದ ಮನೆಗೆ ಕೇಡು ಬಗೆಯುವುದಷ್ಟೇ ಆಗಿರಲಿಲ್ಲ. ಹಸು ಹಾಲು ಕೊಡದಿದ್ದರೆ, ಮಗು ಕೃಶವಾದರೆ ಇಂಥವಳ ಕಣ್ಣು ಬಿತ್ತು ಎನ್ನುವ ಹಳೆಯ ಭಯ ಎಲ್ಲ ಹಳ್ಳಿಗಳಲ್ಲೂ ಇತ್ತು. ಹದಿನೈದನೆಯ ಶತಮಾನದ ಪಂಡಿತರು ಈ ಭಯಕ್ಕೆ ಒಂದು ಶಾಸ್ತ್ರ ಕಟ್ಟಿದರು: ಮಾಟಗಾತಿ ಸೈತಾನನೊಂದಿಗೆ ಕರಾರು ಮಾಡಿಕೊಳ್ಳುತ್ತಾಳೆ, ರಾತ್ರಿ ಹಾರಿಹೋಗಿ ತನ್ನಂಥವರ ಕೂಟದಲ್ಲಿ ಸೇರುತ್ತಾಳೆ. ಕೂಟವಿದ್ದ ಮೇಲೆ ಜೊತೆಗಾರರೂ ಇರಬೇಕು. ಹಾಗಾಗಿ ಸಿಕ್ಕಿಬಿದ್ದ ಒಬ್ಬಳಿಗೆ ಚಿತ್ರಹಿಂಸೆ ಕೊಟ್ಟರೆ ಹತ್ತು ಹೆಸರು, ಆ ಹತ್ತು ಜನಕ್ಕೆ ಕೊಟ್ಟರೆ ನೂರು ಹೆಸರು. 1486ರ ಹೊತ್ತಿಗೆ ಹೊರಬಂದ ‘ಮಾಲೆಯುಸ್ ಮಾಲೆಫಿಕಾರುಮ್’ ಈ ವಿಚಾರಗಳನ್ನೆಲ್ಲ ಒಂದೆಡೆ ತಂದ ಕುಖ್ಯಾತ ಗ್ರಂಥ. 1450ರಿಂದ 1750ರವರೆಗೆ ಯೂರೋಪಿನಲ್ಲಿ ಈ ಆರೋಪದ ಮೇಲೆ ಕೊಂದವರ ಸಂಖ್ಯೆ 40,000ದಿಂದ 60,000 ಎಂದು ಇತಿಹಾಸಕಾರರು ಅಂದಾಜು ಮಾಡುತ್ತಾರೆ. ಅವರಲ್ಲಿ ಮುಕ್ಕಾಲು ಪಾಲು ಹೆಂಗಸರು. ಸುಮಾರು ಅರ್ಧದಷ್ಟು ಜನ ಸತ್ತದ್ದು ಜರ್ಮನ್ ಸಾಮ್ರಾಜ್ಯದ ನೆಲದಲ್ಲಿ. ಹವಾಮಾನವೂ ಆಗ ಕೆಟ್ಟಿತ್ತು. ಸಾಲುಸಾಲಾಗಿ ಬಂದ ಕಡುಚಳಿಗಾಲಗಳು, ಬೇಸಿಗೆಯ ಆಲಿಕಲ್ಲು ಮಳೆ ದ್ರಾಕ್ಷಿಯನ್ನೂ ಗೋಧಿಯನ್ನೂ ಹಾಳುಮಾಡುತ್ತಿದ್ದವು. ಬೆಳೆ ಕಳೆದುಕೊಂಡ ಜನಕ್ಕೆ ಹೊಣೆಗಾರರು ಬೇಕಾಗಿತ್ತು.

ಕಾಥರಿನಾ ನೆಲೆಸಿದ್ದ ಲಿಯೋನ್‌ಬರ್ಗ್ ಪಟ್ಟಣದಲ್ಲಿ ಹೊಣೆಗಾರಳು ಸಿಕ್ಕಿದ್ದು ಒಂದು ವ್ಯಾಪಾರದ ಜಗಳದಿಂದ. ಕಾಥರಿನಾಳ ಕಿರಿಯ ಮಗ ಕ್ರಿಸ್ಟೊಫ್ ತವರದ ಪಾತ್ರೆ ಮಾಡುವವನು. ಕಿಟಕಿಗೆ ಗಾಜು ಕೂರಿಸುವ ಯಾಕೋಬ್ ರೈನ್‌ಬೋಲ್ಡನ ಹೆಂಡತಿ ಉರ್ಸುಲಾಳಿಗೂ ಅವನಿಗೂ ಮಾತಿಗೆ ಮಾತು ಬೆಳೆಯಿತು. ತಾಯಿ ಮಗನ ಕಡೆ ನಿಂತಳು. ಉರ್ಸುಲಾಳಿಗೆ ಬಹಳ ದಿನಗಳಿಂದ ಹೊಟ್ಟೆನೋವು, ತಲೆಸುತ್ತು. ಯಾವ ಔಷಧಕ್ಕೂ ಬಗ್ಗದ ಕಾಯಿಲೆ. ಹಿಂದೊಮ್ಮೆ ಕೆಪ್ಲರ್ ಮನೆಯಲ್ಲಿ ತವರದ ಹೂಜಿಯಿಂದ ಕುಡಿದ ಕಹಿ ಪಾನೀಯ ಅವಳಿಗೆ ನೆನಪಾಯಿತು. ಮುದುಕಿ ತನಗೆ ಕೈಮದ್ದು ಹಾಕಿದಳು ಎಂದು ಊರೆಲ್ಲ ಹೇಳತೊಡಗಿದಳು.

ಇದು ಬೀದಿಯ ಮಾತಾಗಿಯೇ ಮುಗಿಯಬಹುದಿತ್ತು. ಆದರೆ ಉರ್ಸುಲಾಳ ತಮ್ಮ ಉರ್ಬಾನ್ ಕ್ರೋಯ್ಟ್ಲಿನ್ ರಾಜಮನೆತನದವರಿಗೆ ಕ್ಷೌರವನ್ನೂ ಶಸ್ತ್ರಚಿಕಿತ್ಸೆಯನ್ನೂ ಮಾಡುತ್ತಿದ್ದ ಪ್ರಭಾವಿ. ಡ್ಯೂಕನ ಪರವಾಗಿ ಲಿಯೋನ್‌ಬರ್ಗನ್ನು ಆಳುತ್ತಿದ್ದ ಅಮಲ್ದಾರ ಲೂಥರ್ ಐನ್‌ಹಾರ್ನನಿಗೂ ಅವನಿಗೂ ಒಡನಾಟವಿತ್ತು. 1615ರ ಆಗಸ್ಟಿನಲ್ಲಿ ಇಬ್ಬರೂ ಕುಡಿದು ಕೂತಿದ್ದಾಗ ಕಾಥರಿನಾಳನ್ನು ಕರೆಸಿದರು. ಮಾಟ ಮಾಡಿದವಳೇ ಅದನ್ನು ತೆಗೆಯಬೇಕು, ತನ್ನ ಅಕ್ಕನನ್ನು ಈಗಲೇ ಗುಣಪಡಿಸು ಎಂದು ಕ್ರೋಯ್ಟ್ಲಿನ್ ಕತ್ತಿ ಹಿರಿದು ಅವಳ ಎದೆಗೆ ಹಿಡಿದ. ನಾನು ಕಾಯಿಲೆ ಕೊಟ್ಟವಳೂ ಅಲ್ಲ, ಕಳೆಯುವವಳೂ ಅಲ್ಲ ಎಂದು ಆಕೆ ಪಟ್ಟು ಬಿಡಲಿಲ್ಲ. ಆಗ ಅವಳು ಹೂಂ ಎಂದು ಒಂದು ಸೊಪ್ಪು ಅರೆದುಕೊಟ್ಟಿದ್ದರೂ ಸಾಕಿತ್ತು, ಅದೇ ತಪ್ಪೊಪ್ಪಿಗೆಯಾಗುತ್ತಿತ್ತು. ಕತ್ತಿಯ ಮೊನೆಯಲ್ಲಿ ನಿಂತ ಅಕ್ಷರ ಬಾರದ ಮುದುಕಿಗೆ ಇದು ಗೊತ್ತಾಗಿದ್ದು ಸಾಮಾನ್ಯವಲ್ಲ.

ಮನೆಯವರು ಸುಮ್ಮನಿರಲಿಲ್ಲ. ರೈನ್‌ಬೋಲ್ಡ್ ದಂಪತಿಯ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿದರು. ಮೊದಲು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದು ಕಾಥರಿನಾಳ ಕಡೆಯವರೇ. ಅಧಿಕಾರಿಯ ಸಮಕ್ಷಮದಲ್ಲೇ ಕತ್ತಿ ಹಿರಿದ ವಿಷಯ ವಿಚಾರಣೆಗೆ ಬಂದರೆ ಐನ್‌ಹಾರ್ನನ ಹುದ್ದೆಗೇ ಸಂಚಕಾರ. ಅವನು ದಿನಾಂಕವನ್ನು ಮುಂದೂಡುತ್ತ ಹೋದ. ಆಸ್ಟ್ರಿಯಾದ ಲಿಂಟ್ಸ್ ನಗರದಲ್ಲಿದ್ದ ಯೋಹಾನೆಸನಿಗೆ ಸುದ್ದಿ ಮುಟ್ಟಿದ್ದು 1615ರ ಡಿಸೆಂಬರ್ ಕೊನೆಯಲ್ಲಿ, ತಂಗಿ ಮಾರ್ಗರೆಥೆಯ ಕಾಗದದಿಂದ. ಕೆಲವೇ ದಿನಗಳಲ್ಲಿ ಅವನು ಲಿಯೋನ್‌ಬರ್ಗಿನ ಪುರಸಭೆಗೆ ಕೋಪದ ಪತ್ರ ಬರೆದು ಎಲ್ಲ ದಾಖಲೆಗಳ ನಕಲು ಕೇಳಿದ. ಅಲ್ಲಿಂದ ಆರು ವರ್ಷ ಅವನ ಲೇಖನಿಗೆ ಈ ಕೆಲಸ ತಪ್ಪಲಿಲ್ಲ.

ಮೊಕದ್ದಮೆ ಮುಂದೆ ಹೋದಷ್ಟೂ ಊರಿನ ನೆನಪು ಬೆಳೆಯುತ್ತ ಹೋಯಿತು. ಪಾಠಶಾಲೆಯ ಮಾಸ್ತರ ಬಾಯ್ಟೆಲ್ಸ್‌ಬಾಖರ್ ಯೋಹಾನೆಸನ ಬಾಲ್ಯದ ಸಹಪಾಠಿ; ಮಗನ ಕಾಗದ ಬಂದಾಗಲೆಲ್ಲ ಕಾಥರಿನಾ ಅವನಿಂದಲೇ ಓದಿಸಿಕೊಳ್ಳುತ್ತಿದ್ದಳು. ಅವನಿಗೆ ಕಾಲು ಊನವಾಗಿತ್ತು. ಅವಳ ಮನೆಯಲ್ಲಿ ಕುಡಿದ ದ್ರಾಕ್ಷಾರಸವೇ ಕಾರಣವೆಂದು ಈಗ ಅವನಿಗೆ ಹೊಳೆಯಿತು. ಕಟುಕನೊಬ್ಬನಿಗೆ ಅವಳು ಹಾದುಹೋದಾಗ ತೊಡೆ ನೊಂದಿತ್ತಂತೆ. ದರ್ಜಿಯೊಬ್ಬನ ಮಕ್ಕಳು ತೀರಿಕೊಂಡಿದ್ದರು. ಅವಳು ತೊಟ್ಟಿಲ ಮೇಲೆ ಬಾಗಿ ಹರಸಿದ್ದು ಈಗ ಬೇರೆ ಅರ್ಥ ಪಡೆಯಿತು. ಸೈನ್ಯದಿಂದ ರೋಗಿಷ್ಠನಾಗಿ ಮರಳಿದ್ದ ಅವಳ ಇನ್ನೊಬ್ಬ ಮಗ ಹೈನ್ರಿಷ್, ತಾಯಿ ಸರಿಯಾಗಿ ಊಟ ಹಾಕಲಿಲ್ಲವೆಂಬ ಸಿಟ್ಟಿಗೆ, ಅವಳು ಕರುವೊಂದನ್ನು ಸವಾರಿ ಮಾಡಿ ಕೊಂದಳೆಂದು ಊರಲ್ಲಿ ಆಡಿದ್ದ. ಅವನು ಸತ್ತಿದ್ದರೂ ಅವನ ಮಾತು ಕಡತ ಸೇರಿತು. ಸ್ವಂತ ಮಗನೇ ಹೇಳಿದ್ದನಲ್ಲ!

ಅವಳು ತನ್ನ ಕೈಯಾರೆ ಮಾಡಿಕೊಂಡ ಕೇಡೂ ಇತ್ತು. ಪ್ರವಚನವೊಂದರಲ್ಲಿ ಹಿಂದಿನ ಕಾಲದವರು ಬಂಧುಗಳ ತಲೆಬುರುಡೆಯಿಂದ ಬಟ್ಟಲು ಮಾಡಿಸುತ್ತಿದ್ದರೆಂದು ಕೇಳಿದ್ದ ಕಾಥರಿನಾ, ತನ್ನ ತಂದೆಯ ಬುರುಡೆಯನ್ನು ತೆಗೆದುಕೊಡುವಂತೆ ಗೋರಿ ತೋಡುವವನನ್ನು ಕೇಳಿದ್ದಳು. ಬೆಳ್ಳಿ ಕಟ್ಟು ಹಾಕಿಸಿ ದೊಡ್ಡ ಮಗನಿಗೆ ಕೊಡಬೇಕೆಂದು ಅವಳ ಆಸೆ. ಗೋರಿ ತೋಡುವವನು ಒಪ್ಪಲಿಲ್ಲ. ಈ ಸಂಗತಿಯನ್ನು ಅವಳೂ ಅಲ್ಲಗಳೆಯಲಿಲ್ಲ. 1616ರ ಅಕ್ಟೋಬರಿನಲ್ಲಿ, ಮಾನನಷ್ಟದ ವಿಚಾರಣೆ ಇನ್ನೇನು ಶುರುವಾಗಬೇಕು ಎನ್ನುವಾಗ, ಇಟ್ಟಿಗೆ ಗೂಡಿಗೆ ಇಟ್ಟಿಗೆ ಹೊರುತ್ತಿದ್ದ ಹುಡುಗಿಯರು ದಾರಿಯಲ್ಲಿ ಎದುರಾದರು. ಮುದುಕಿಯ ಬಟ್ಟೆ ತಾಗಿದ ಮೇಲೆ ಒಬ್ಬಳ ತೋಳು ಜೋಮು ಹಿಡಿಯಿತು ಎಂದು ದೂರು ಬಂತು. ಐನ್‌ಹಾರ್ನ್ ಹುಡುಗಿಯ ಕೈ ನೋಡಿ, ಇದು ಮಾಟಗಾತಿಯ ಹಿಡಿತವೇ ಎಂದು ತೀರ್ಪು ಕೊಟ್ಟುಬಿಟ್ಟ. ಗಾಬರಿಬಿದ್ದ ಕಾಥರಿನಾ, ಈ ದೂರು ಬಿಟ್ಟು ಮೊಕದ್ದಮೆ ಮುಂದುವರಿಸಿದರೆ ಬೆಳ್ಳಿ ಬಟ್ಟಲು ಕೊಡುವುದಾಗಿ ಅವನಿಗೇ ಹೇಳಿದಳು. ಲಂಚ ಕೊಡಲು ಬಂದವಳು ತಪ್ಪಿತಸ್ಥಳಲ್ಲದೆ ಇನ್ನೇನು ಎಂದು ಅವನು ಡ್ಯೂಕನ ರಾಜಧಾನಿ ಸ್ಟುಟ್‌ಗಾರ್ಟಿಗೆ ವರದಿ ಕಳಿಸಿದ. ಅವಳನ್ನು ಬಂಧಿಸಲು ಅಪ್ಪಣೆ ಬಂತು.

ಅಷ್ಟರಲ್ಲಿ ಮಕ್ಕಳು ಅವಳನ್ನು ಊರು ಬಿಡಿಸಿದ್ದರು. 1616ರ ಡಿಸೆಂಬರಿನಲ್ಲಿ ಅವಳು ಲಿಂಟ್ಸ್ ತಲುಪಿದಳು. ಆದರೆ ಪರ ಊರಿನಲ್ಲಿ ಅವಳ ಕಾಲು ನಿಲ್ಲಲಿಲ್ಲ. ಓಡಿಹೋದವಳು ಅನ್ನಿಸಿಕೊಳ್ಳುವುದು ಬೇಡವೆಂದು ಮರುವರ್ಷವೇ ಹಿಂದಿರುಗಿದಳು. ಅವಳ ಹಿಂದೆಯೇ ಮಗನೂ ವುರ್ಟೆಂಬರ್ಗಿಗೆ ಹೋದ. ದಾರಿಯುದ್ದಕ್ಕೂ ಓದಲು ಗೆಲಿಲಿಯೋನ ತಂದೆ ವಿನ್ಚೆಂಜೊ ಗೆಲಿಲಿ ಸಂಗೀತದ ಬಗ್ಗೆ ಬರೆದ ಪುಸ್ತಕ ಅವನ ಕೈಯಲ್ಲಿತ್ತು. ಗ್ರಹಗಳ ಚಲನೆಯಲ್ಲಿ ಸ್ವರಮೇಳ ಹುಡುಕುತ್ತಿದ್ದ ಕಾಲವದು. ಅವನ ಇಬ್ಬರು ಪುಟ್ಟ ಹೆಣ್ಣುಮಕ್ಕಳು ಅದೇ ತಿಂಗಳುಗಳಲ್ಲಿ ತೀರಿಕೊಂಡರು. ಗ್ರಹವೊಂದು ಸೂರ್ಯನನ್ನು ಸುತ್ತುವ ಅವಧಿಗೂ ಅದರ ದೂರಕ್ಕೂ ಇರುವ ಲೆಕ್ಕ, ಇಂದು ಅವನ ಮೂರನೆಯ ನಿಯಮವೆಂದು ಶಾಲೆಯ ಮಕ್ಕಳೂ ಓದುವುದು, 1618ರ ಮೇ 15ರಂದು ಅವನಿಗೆ ಖಚಿತವಾಯಿತು. ಎಂಟು ದಿನ ಕಳೆದು ಪ್ರಾಗ್ ನಗರದಲ್ಲಿ ಚಕ್ರವರ್ತಿಯ ಪ್ರತಿನಿಧಿಗಳನ್ನು ಕೋಟೆಯ ಕಿಟಕಿಯಿಂದ ಹೊರಗೆ ಎಸೆದರು. ಮೂವತ್ತು ವರ್ಷಗಳ ಯುದ್ಧ ಶುರುವಾಯಿತು. ಲಿಯೋನ್‌ಬರ್ಗಿನಲ್ಲಿ ಅದೇ ಕಾಲಕ್ಕೆ ರೈನ್‌ಬೋಲ್ಡರು 1,000 ಗುಲ್ಡನ್ ಪರಿಹಾರ ಕೇಳುತ್ತಿದ್ದರು. ಮಾನನಷ್ಟದ ಫಿರ್ಯಾದಿಯನ್ನೇ ಮಾಟದ ಆರೋಪಿಯನ್ನಾಗಿ ಮಾಡುವ ಕೆಲಸ ಹಂತಹಂತವಾಗಿ ಮುಗಿಯುತ್ತ ಬಂದಿತ್ತು.

1620ರ ಆಗಸ್ಟ್ 7ರ ರಾತ್ರಿ ಆಳುಗಳು ಹೊಯ್ಮಾಡನ್ ಹಳ್ಳಿಗೆ ಬಂದರು. ಮಾರ್ಗರೆಥೆಯ ಗಂಡ ಗೇಯೋರ್ಗ್ ಬಿಂಡರ್ ಅಲ್ಲಿಯ ಪಾದ್ರಿ. ಕಾಥರಿನಾ ಮಗಳ ಮನೆಯಲ್ಲಿದ್ದಳು. ಅಕ್ಕಪಕ್ಕದವರಿಗೆ ಗೊತ್ತಾಗದಿರಲೆಂದು ಅವಳನ್ನು ಬಟ್ಟೆ ಇಡುವ ಪೆಟಾರಿಯಲ್ಲಿ ಹಾಕಿ ಹೊತ್ತುಕೊಂಡು ಹೋದರು. ಲಿಯೋನ್‌ಬರ್ಗಿನಲ್ಲಿ ಮೊದಲ ವಿಚಾರಣೆ ಆಯಿತು. ತನ್ನ ಊರಿನಲ್ಲಿ ತಾಯಿಯ ವಿಚಾರಣೆ ನಡೆದರೆ ಅಂಗಡಿ ಮುಚ್ಚಬೇಕಾಗುತ್ತದೆ ಎಂಬ ಅಳುಕು ಕ್ರಿಸ್ಟೊಫನಿಗೆ. ಅವನ ಕೋರಿಕೆಯಂತೆ ಮೊಕದ್ದಮೆಯನ್ನು ಗ್ಯೂಗ್ಲಿಂಗನ್ನಿಗೆ ವರ್ಗಾಯಿಸಿದರು. ಅಲ್ಲಿ ಸರಪಳಿ ಬಿಗಿದು, ಇಬ್ಬರು ಕಾವಲುಗಾರರನ್ನು ಇಟ್ಟರು. ಕಾವಲುಗಾರರ ಸಂಬಳ, ಊಟ, ಚಳಿ ಕಾಯಿಸುವ ಸೌದೆ ಎಲ್ಲದರ ಖರ್ಚೂ ಕೈದಿಯ ಆಸ್ತಿಯ ಮೇಲೆಯೇ. ಒಬ್ಬ ಹಣ್ಣು ಮುದುಕಿಯನ್ನು ಕಾಯಲು ಇಬ್ಬರು ಯಾಕೆ, ಸೌದೆಯನ್ನು ಇಷ್ಟು ಉರಿಸುವುದು ಯಾಕೆ ಎಂದು ಯೋಹಾನೆಸ್ ಅರ್ಜಿ ಮೇಲೆ ಅರ್ಜಿ ಬರೆದ. ಸೌದೆಯ ಲೆಕ್ಕ ಸಣ್ಣ ಮಾತಲ್ಲ. ಮೊಕದ್ದಮೆ ಎಳೆದಷ್ಟೂ ಅವಳ ಹೊಲ ಕರಗುತ್ತಿತ್ತು. ಮಾಟದ ಎಷ್ಟೋ ವಿಚಾರಣೆಗಳು ಹೀಗೆ ಆರೋಪಿಯ ದುಡ್ಡಿನಲ್ಲೇ ನಡೆದವು.

ಬವೇರಿಯಾದ ಸೈನ್ಯ ಲಿಂಟ್ಸ್ ನಗರವನ್ನು ಆಕ್ರಮಿಸಿದ್ದ ಹೊತ್ತಿನಲ್ಲೇ ಯೋಹಾನೆಸ್ ಸಂಸಾರವನ್ನು ರೇಗನ್ಸ್‌ಬರ್ಗಿನಲ್ಲಿ ಬಿಟ್ಟು ಗ್ಯೂಗ್ಲಿಂಗನ್ನಿಗೆ ಬಂದ. ಎಲ್ಲಿಗೆ, ಯಾಕೆ ಹೋಗುತ್ತಿದ್ದೇನೆಂದು ಲಿಂಟ್ಸಿನಲ್ಲಿ ಯಾರಿಗೂ ಹೇಳಲಿಲ್ಲ. ಚಕ್ರವರ್ತಿಯ ಗಣಿತಜ್ಞನ ತಾಯಿ ಮಾಟಗಾತಿಯಂತೆ ಎಂಬ ಸುದ್ದಿ ಹಬ್ಬಿದರೆ ಅವನ ಅನ್ನಕ್ಕೂ ಕಲ್ಲು. ಕ್ರಿಸ್ಟೊಫ್ ಮತ್ತು ಅಳಿಯ ಪಾದ್ರಿ ಹಿಂದೆ ಸರಿದಿದ್ದರು. ಮಾರ್ಗರೆಥೆ ಮಾತ್ರ ತಾಯಿಯ ಕೈ ಬಿಡಲಿಲ್ಲ.

ಕೆಪ್ಲರ್ ಏನು ಮಾಡಿದ, ಏನು ಮಾಡಲಿಲ್ಲ ಎಂಬುದನ್ನು ಇಲ್ಲಿ ಬಿಡಿಸಿ ನೋಡಬೇಕು. ಮಾಟವೇ ಸುಳ್ಳು ಎಂದು ಅವನು ವಾದಿಸಲಿಲ್ಲ. ಹಾಗೆ ವಾದಿಸಿದ್ದರೆ ತಾಯಿಯನ್ನು ಕಳೆದುಕೊಳ್ಳುತ್ತಿದ್ದ. ಅವನು ಹಾಗೆ ನಂಬಿದವನೂ ಅಲ್ಲ. ಮಾಟಗಾತಿಯರು ಇರಬಹುದು, ನನ್ನ ತಾಯಿ ಅವರಲ್ಲೊಬ್ಬಳಲ್ಲ ಎಂಬುದು ಅವನ ನಿಲುವು. ಆಪಾದನಾಪತ್ರದಲ್ಲಿ 49 ಅಂಶಗಳಿದ್ದವು. ಅವುಗಳಿಗೆ ಉತ್ತರವಾಗಿ 1621ರ ಆಗಸ್ಟಿನಲ್ಲಿ ಸಲ್ಲಿಸಿದ 128 ಪುಟಗಳ ಪ್ರತಿವಾದದಲ್ಲಿ ಅವನ ಕೈಬರಹವೂ ಇದೆ. ಯಾವ ಸಾಕ್ಷಿ ಯಾವ ವರ್ಷ ಏನು ಹೇಳಿದ, ಮುಂದಿನ ವಿಚಾರಣೆಯಲ್ಲಿ ಅದನ್ನೇ ಹೇಗೆ ಹಿಗ್ಗಿಸಿದ ಎಂದು ಒಂದೊಂದನ್ನೂ ಎದುರುಬದುರು ಇಟ್ಟು ತೋರಿಸಿದ. ಮಾಸ್ತರನ ಕಾಲು ಊನವಾದದ್ದು ಹಳ್ಳ ಹಾರುವಾಗ ಬಿದ್ದದ್ದರಿಂದ. ಹುಡುಗಿಯ ತೋಳು ಜೋಮು ಹಿಡಿದದ್ದು ಶಕ್ತಿಮೀರಿ ಇಟ್ಟಿಗೆ ಹೊತ್ತದ್ದರಿಂದ. ವಯಸ್ಸಾದ, ಗಂಡನಿಲ್ಲದ, ಬಾಯಿ ಜೋರಿನ ಹೆಂಗಸಿನ ಮೇಲೆ ಜನಕ್ಕೆ ಇರುವ ಅಸಹನೆ ಹೇಗೆ ಮಾಟದ ಸಂಶಯವಾಗಿ ಬೆಳೆಯುತ್ತದೆ ಎಂಬುದನ್ನೂ ಬಿಡಿಸಿ ಹೇಳಿದ.

ಅದೇ ಪ್ರತಿವಾದದಲ್ಲಿ ಉರ್ಸುಲಾಳ ಹಳೆಯ ಬದುಕನ್ನೂ ಕೆದಕಿದ. ಅವಳ ನಡತೆ ಸರಿಯಿರಲಿಲ್ಲ, ಅದನ್ನು ಮುಚ್ಚಿಕೊಳ್ಳಲು ತೆಗೆದುಕೊಂಡ ಔಷಧವೇ ಅವಳ ಕಾಯಿಲೆಗೆ ಮೂಲ ಎಂದು ಬರೆದ. ತಾಯಿಯನ್ನು ಉಳಿಸಿಕೊಳ್ಳಲು ಇನ್ನೊಬ್ಬ ಹೆಂಗಸಿನ ಮಾನ ತೆಗೆಯುವುದು ಅವನಿಗೆ ಕಷ್ಟವಾಗಲಿಲ್ಲ. ಉರ್ಸುಲಾಳ ನೋವು ನಿಜವಾಗಿತ್ತು ಎಂಬುದನ್ನೂ ಮರೆಯಬಾರದು. ಕಾರಣ ತಿಳಿಯದ ನೋವಿಗೆ ಅವಳ ಕಾಲ ಕೊಟ್ಟ ಉತ್ತರವನ್ನೇ ಅವಳು ಹಿಡಿದುಕೊಂಡಿದ್ದಳು.

ಕಾಥರಿನಾಳ ಮೇಲೆ ಇನ್ನೊಂದು ತಕರಾರಿತ್ತು: ಅವಳು ಅಳುವುದಿಲ್ಲ. ಮಾಟಗಾತಿಯ ಕಣ್ಣಲ್ಲಿ ನೀರು ಬರುವುದಿಲ್ಲ ಎಂಬುದು ಆಗಿನ ನಂಬಿಕೆ. ಬದುಕಿನಲ್ಲಿ ಅತ್ತೂ ಅತ್ತೂ ಕಣ್ಣೀರು ಬತ್ತಿದೆ ಎಂದು ಅವಳು ಉತ್ತರಿಸಿದಳು.

ಕಡತ ಟ್ಯೂಬಿಂಗನ್ ವಿಶ್ವವಿದ್ಯಾಲಯದ ನ್ಯಾಯಶಾಸ್ತ್ರ ವಿಭಾಗಕ್ಕೆ ಹೋಯಿತು. 1532ರಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸ್ ಜಾರಿಗೆ ತಂದ ‘ಕರೋಲಿನಾ’ ದಂಡಸಂಹಿತೆಯ ಪ್ರಕಾರ, ಕೇಡು ಮಾಡುವ ಮಾಟಕ್ಕೆ ಬೆಂಕಿಯೇ ಶಿಕ್ಷೆ. ಆದರೆ ಸಾಕಷ್ಟು ಸುಳಿವು ಇಲ್ಲದೆ ಯಾರನ್ನೂ ಚಿತ್ರಹಿಂಸೆಗೆ ಒಳಪಡಿಸುವಂತಿರಲಿಲ್ಲ. ಸಂಶಯ ಬಂದಾಗ ಸ್ಥಳೀಯ ನ್ಯಾಯಾಲಯ ಕಾನೂನು ಬಲ್ಲವರ ಅಭಿಪ್ರಾಯ ಪಡೆಯಬೇಕಿತ್ತು. ವುರ್ಟೆಂಬರ್ಗಿನಲ್ಲಿ ಈ ನಿಯಮ ಬರಿಯ ಕಾಗದದಲ್ಲಿ ಉಳಿದಿರಲಿಲ್ಲ, ಸ್ಟುಟ್‌ಗಾರ್ಟಿನ ಮೇಲಧಿಕಾರಿಗಳು ಅದನ್ನು ಪಾಲಿಸುವಂತೆ ನೋಡಿಕೊಳ್ಳುತ್ತಿದ್ದರು. ಟ್ಯೂಬಿಂಗನ್ ಕೆಪ್ಲರ್ ಓದಿದ ಊರು. ಅಲ್ಲಿಯ ನ್ಯಾಯಶಾಸ್ತ್ರದ ಪ್ರಾಧ್ಯಾಪಕ ಕ್ರಿಸ್ಟೊಫ್ ಬೆಸೋಲ್ಡ್ ಅವನ ಹಳೆಯ ಗೆಳೆಯ. ವಿಭಾಗ ಕೊಟ್ಟ ಅಭಿಪ್ರಾಯ ಅರ್ಧ ದಾರಿಯದು: ಆರೋಪಿಯ ಮೈ ಮುಟ್ಟಬಾರದು, ಚಿತ್ರಹಿಂಸೆಯ ಸಲಕರಣೆಗಳನ್ನು ತೋರಿಸಿ ಹೆದರಿಸಬಹುದು.

1621ರ ಸೆಪ್ಟೆಂಬರ್ 28ರ ಬೆಳಿಗ್ಗೆ ಅವಳನ್ನು ಹಿಂಸೆಯ ಕೋಣೆಗೆ ಕರೆದೊಯ್ದರು. ವಧಕಾರ ಒಂದೊಂದೇ ಸಲಕರಣೆಯನ್ನು ಮುಂದಿಟ್ಟು, ಅದು ಮೈಗೆ ಏನು ಮಾಡುತ್ತದೆಂದು ವಿವರಿಸಿ, ನಿಜ ಹೇಳು ಎಂದು ಗದರಿದ. ಇದು ಬರೀ ಹೆದರಿಸುವ ಆಟ, ಮೈ ಮುಟ್ಟುವುದಿಲ್ಲ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಕೂಡದು ಎಂಬುದೇ ನಿಯಮ. ಎಂದಿನ ಮೊಕದ್ದಮೆಗಳಲ್ಲಿ ಆರೋಪಿಗಳು ಮುರಿದುಬೀಳುವ ಗಳಿಗೆ ಇದು. ಏನು ಬೇಕಾದರೂ ಮಾಡಿ, ಮೈಯ ನರಗಳನ್ನೆಲ್ಲ ಒಂದೊಂದಾಗಿ ಕಿತ್ತರೂ ಒಪ್ಪಿಕೊಳ್ಳಲು ನನ್ನಲ್ಲಿ ಏನೂ ಇಲ್ಲ ಎಂದಳು ಕಾಥರಿನಾ. ಮೊಣಕಾಲೂರಿ ಪ್ರಭುವಿನ ಪ್ರಾರ್ಥನೆ ಹೇಳಿದಳು. ಸತ್ತ ಮೇಲಾದರೂ ತನಗೆ ಆದ ಅನ್ಯಾಯ ದೇವರು ಬಯಲು ಮಾಡುತ್ತಾನೆ ಎಂದಳು. ಮಗನ 128 ಪುಟಗಳು ಅವಳನ್ನು ಆ ಕೋಣೆಯ ಬಾಗಿಲವರೆಗೆ ಕಾಪಾಡಿದ್ದವು. ಒಳಗೆ ಅವಳು ಒಬ್ಬಳೇ ಇದ್ದಳು.

ಅಕ್ಟೋಬರಿನಲ್ಲಿ ಬಿಡುಗಡೆಯಾಯಿತು, ಹದಿನಾಲ್ಕು ತಿಂಗಳ ಸೆರೆ ಮುಗಿಯಿತು. ಲಿಯೋನ್‌ಬರ್ಗಿಗೆ ಬಂದರೆ ಹೊಡೆದು ಕೊಲ್ಲುತ್ತೇವೆ ಎಂದು ಅಲ್ಲಿಯವರು ಬೆದರಿಸಿದ್ದರಿಂದ ಮನೆಗೆ ಮರಳಲಾಗಲಿಲ್ಲ. 1622ರ ಏಪ್ರಿಲ್ 13ರಂದು ಅವಳು ತೀರಿಕೊಂಡಳು.

ಮಗನಿಗೆ ಮಾತ್ರ ಒಂದು ಕೊರಗು ಉಳಿಯಿತು. 1609ರ ಸುಮಾರಿಗೆ ಅವನು ‘ಸೋಮ್ನಿಯುಮ್’ ಎಂಬ ಕಥೆ ಬರೆದಿದ್ದ. ಐಸ್‌ಲ್ಯಾಂಡಿನ ಹುಡುಗನೊಬ್ಬ, ಗಿಡಮೂಲಿಕೆ ಮಾರುವ ಅವನ ತಾಯಿ, ಅವಳು ಕರೆಯುವ ಭೂತ, ಆ ಭೂತ ಹೇಳುವ ಚಂದ್ರಲೋಕದ ವರ್ಣನೆ. ಚಂದ್ರನಿಂದ ನೋಡಿದರೆ ಭೂಮಿಯೇ ತಿರುಗುವಂತೆ ಕಾಣುತ್ತದೆ ಎಂದು ತೋರಿಸಲು ಕಟ್ಟಿದ ಕಥೆ ಅದು. ಅದರ ಹಸ್ತಪ್ರತಿ 1611ರ ಹೊತ್ತಿಗೆ ಕೈಯಿಂದ ಕೈಗೆ ಹೋಗಿತ್ತು. ಆ ಕಥೆಯ ತಾಯಿಯನ್ನು ಜನ ತನ್ನ ತಾಯಿ ಎಂದುಕೊಂಡರು, ಕ್ಷೌರದಂಗಡಿಗಳಲ್ಲಿ ಅದೇ ಮಾತಾಯಿತು ಎಂದು ಕೆಪ್ಲರ್ ನಂಬಿದ. ಆಮೇಲಿನ ವರ್ಷಗಳಲ್ಲಿ ಆ ಚಿಕ್ಕ ಕಥೆಗೆ 223 ಟಿಪ್ಪಣಿಗಳನ್ನು ಬರೆದು, ಭೂತವೆಂದರೆ ಖಗೋಳಶಾಸ್ತ್ರ, ಇಂಥದ್ದರ ಅರ್ಥ ಇಂಥದ್ದು ಎಂದು ವಿವರಿಸಿದ. 1630ರಲ್ಲಿ ಅವನು ಸತ್ತಾಗ ಪುಸ್ತಕ ಇನ್ನೂ ಅಚ್ಚಿನಲ್ಲಿತ್ತು. 1634ರಲ್ಲಿ ಅವನ ಮಗ ಲೂಡ್ವಿಗ್ ಅದನ್ನು ಹೊರತಂದ. ಈ ಮೊಕದ್ದಮೆಯ ಕಡತಗಳನ್ನು ಕೂಲಂಕಷವಾಗಿ ಓದಿದ ಕೇಂಬ್ರಿಜ್‌ನ ಇತಿಹಾಸಕಾರ್ತಿ ಯುಲಿಂಕಾ ರಬ್ಲಾಕ್, ಲಿಯೋನ್‌ಬರ್ಗಿನ ಆರೋಪಗಳಿಗೂ ಆ ಕಥೆಗೂ ನಂಟು ಇರಲಿಲ್ಲ ಎನ್ನುತ್ತಾರೆ. ಗಾಜಿನವನ ಹೆಂಡತಿಯ ಹೊಟ್ಟೆನೋವಿಗೆ ಲ್ಯಾಟಿನ್ ಹಸ್ತಪ್ರತಿಯ ಅಗತ್ಯವಿರಲಿಲ್ಲ.

ವುರ್ಟೆಂಬರ್ಗಿನ ಗಡಿ ದಾಟಿದರೆ ಲೋಕ ಬೇರೆಯಾಗಿತ್ತು. ನೆರೆಯ ಎಲ್‌ವಾಂಗನ್ ಎಂಬ ಮಠಾಧೀನ ಸೀಮೆಯಲ್ಲಿ 1611ರಿಂದ 1618ರ ನಡುವೆ ಸುಮಾರು 400 ಜನರನ್ನು ಕೊಂದಿದ್ದರು. ಅಲ್ಲಿ ಚಿತ್ರಹಿಂಸೆಗೆ ತಡೆಯಿರಲಿಲ್ಲ, ಒಬ್ಬರ ಬಾಯಿಂದ ಇನ್ನೊಬ್ಬರ ಹೆಸರು ಬರುತ್ತಲೇ ಹೋಯಿತು. 1628ರಲ್ಲಿ ಬಾಂಬರ್ಗ್ ನಗರದ ಮೇಯರ್ ಯೋಹಾನೆಸ್ ಯೂನಿಯುಸನನ್ನು ಹಿಡಿದಾಗ ಅವನ ಹುದ್ದೆಯಾಗಲಿ ಓದಾಗಲಿ ಉಪಯೋಗಕ್ಕೆ ಬರಲಿಲ್ಲ. ಹೆಬ್ಬೆರಳು ಹಿಸುಕುವ ತಿರುಪಿನಿಂದ ಕೈ ಜಜ್ಜಿಹೋಗಿದ್ದರೂ ಅವನು ಮಗಳು ವೆರೊನಿಕಾಳಿಗೆ ಗುಟ್ಟಾಗಿ ಕಾಗದ ಬರೆದು, ತಾನು ಒಪ್ಪಿಕೊಂಡದ್ದೆಲ್ಲ ಹಿಂಸೆ ತಾಳದೆ ಕಟ್ಟಿಹೇಳಿದ ಸುಳ್ಳು ಎಂದು ತಿಳಿಸಿದ. ಆಗಸ್ಟಿನಲ್ಲಿ ಅವನನ್ನು ಕೊಂದರು. ಹೀಗೆ ಹಿಂಸಿಸಿದರೆ ಯಾರು ಬೇಕಾದರೂ ಮಾಟಗಾರರಾಗುತ್ತಾರೆ ಎಂದು ಜೆಸ್ಯುಟ್ ಪಾದ್ರಿ ಫ್ರೀಡ್ರಿಷ್ ಸ್ಪೇ 1631ರಲ್ಲಿ ಪುಸ್ತಕ ಬರೆದಾಗ ತನ್ನ ಹೆಸರು ಹಾಕುವ ಧೈರ್ಯ ಅವನಿಗಿರಲಿಲ್ಲ.

ಲೂಥರ್ ಐನ್‌ಹಾರ್ನನ ಮೇಲೆ ಯಾವ ವಿಚಾರಣೆಯೂ ನಡೆಯಲಿಲ್ಲ. 1613ರಲ್ಲಿ ಲಿಯೋನ್‌ಬರ್ಗಿಗೆ ಬಂದವನು 1629ರವರೆಗೂ ಅದೇ ಅಧಿಕಾರದಲ್ಲಿದ್ದ. ಅಷ್ಟು ವರ್ಷಗಳಲ್ಲಿ ಅವನು ಮಾಟದ ಆರೋಪ ಹೊರಿಸಿದ್ದು 15 ಹೆಂಗಸರ ಮೇಲೆ. ಅವರಲ್ಲಿ ಎಂಟು ಜನರಿಗೆ ಮರಣದಂಡನೆಯಾಯಿತು.